ಹೊಸಬರು ಕೆಲಸಕ್ಕೆ ಒಗ್ಗಿಕೊಳ್ಳಲು ಎಐ: ಯಾವುದನ್ನು ಅದಕ್ಕೆ ಬಿಡಬಹುದು, ಯಾವುದನ್ನು ಬಿಡಬಾರದು

ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರ ಕೇಳುವ ಪ್ರಶ್ನೆಗಳಿಗಿಂತ ಕೇಳದೆ ನುಂಗಿಕೊಳ್ಳುವ ಪ್ರಶ್ನೆಗಳೇ ಜಾಸ್ತಿ. ಪಕ್ಕದ ಸೀಟಿನವರು ಬ್ಯುಸಿ ಇದ್ದಾರೆ, ಇದನ್ನೇ ನಿನ್ನೆಯೂ ಕೇಳಿದ್ದೆ, ಇಷ್ಟು ಸಣ್ಣದನ್ನೂ ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸುಮ್ಮನಾಗುತ್ತಾರೆ. ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಹೇಗೆ ಕನೆಕ್ಟ್ ಮಾಡುವುದು, ರಜೆ ಬೇಕಾದರೆ ಮೊದಲು ಯಾರಿಗೆ ಹೇಳಬೇಕು, ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರೂ ಹೇಳುತ್ತಿದ್ದ ಆ ಮೂರಕ್ಷರದ ಶಾರ್ಟ್‌ಫಾರ್ಮ್ ಏನು? ಒಂದೊಂದೂ ಒಂದು ನಿಮಿಷದ ಮಾತು. ಕೇಳದೆ ಬಿಟ್ಟರೆ ಮಾತ್ರ ಅರ್ಧ ದಿನ ಅದರಲ್ಲೇ ಹೋಗುತ್ತದೆ.

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್, ಕೋಪೈಲಟ್‌ನಂಥ ಎಐ ಸಹಾಯಕಗಳು ಕೆಲಸಕ್ಕೆ ಬರುವುದು ಇಂಥ ಕಡೆ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಅದಕ್ಕೆ ಬೇಸರವಿಲ್ಲ, ರಾತ್ರಿ ಕೇಳಿದರೂ ಉತ್ತರ ಸಿಗುತ್ತದೆ, ಕೇಳುವವರಿಗೆ ಮುಜುಗರವಿಲ್ಲ. ಆದರೆ ಇದನ್ನು ತರುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಸಣ್ಣಪುಟ್ಟ ಪ್ರಶ್ನೆಗಳನ್ನು ಎಐ ನೋಡಿಕೊಂಡರೆ ಮ್ಯಾನೇಜರ್‌ಗೂ ಟೀಮಿನವರಿಗೂ ಒಂದಿಷ್ಟು ಸಮಯ ಉಳಿಯುತ್ತದೆ, ಅಲ್ವಾ? ಆ ಸಮಯ ವಾಪಸ್ ಹೊಸಬರಿಗೇ ಸಿಗಬೇಕು. ಅವರ ಜೊತೆ ಕೂತು ಕೆಲಸ ತೋರಿಸುವುದಕ್ಕೆ, ಅವರು ಮಾಡಿದ್ದನ್ನು ನೋಡಿ ಹೇಳುವುದಕ್ಕೆ. "ಎಐ ಇದೆಯಲ್ಲ, ಅದನ್ನೇ ಕೇಳಿಕೋ" ಅಂತ ಕೈತೊಳೆದುಕೊಳ್ಳುವ ಯೋಚನೆ ಇದ್ದರೆ ಇದನ್ನು ಶುರು ಮಾಡದೇ ಇರುವುದೇ ವಾಸಿ.

ಇದರಿಂದ ನಿಜವಾಗಿ ಪ್ರಯೋಜನ ಇದೆಯಾ ಅಂದರೆ, ಇದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಎಂಐಟಿಯ ಮೂವರು ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಹೊರತಂದರು. ಒಂದು ಕಂಪನಿಯಲ್ಲಿ ಗ್ರಾಹಕರ ದೂರು ನೋಡಿಕೊಳ್ಳುವ 5000ಕ್ಕೂ ಹೆಚ್ಚು ಉದ್ಯೋಗಿಗಳ ಕೆಲಸವನ್ನು ಅವರು ಪರಿಶೀಲಿಸಿದ್ದರು. ಎಐ ಸಲಹೆ ಸಿಗುತ್ತಿದ್ದವರು ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಶೇ 14ರಷ್ಟು ಹೆಚ್ಚಾದವು. ಹೊಸಬರಲ್ಲಿ ಮತ್ತು ಕಡಿಮೆ ಪಳಗಿದವರಲ್ಲಿ ಅದು ಶೇ 34. ಎರಡು ತಿಂಗಳ ಅನುಭವ ಇರುವವರು ಎಐ ಜೊತೆಗೆ, ಎಐ ಇಲ್ಲದೆ ಆರು ತಿಂಗಳು ಕಳೆದವರ ಮಟ್ಟಕ್ಕೆ ಬಂದಿದ್ದರು. ಹಳಬರಿಗೆ ಅಂಥ ಲಾಭವೇನೂ ಆಗಲಿಲ್ಲ. ಕಾರಣವನ್ನೂ ಗಮನಿಸಿ: ಆ ಎಐ ಕಲಿತಿದ್ದು ಅದೇ ಕಂಪನಿಯ ಹಳೆಯ ಸಂಭಾಷಣೆಗಳಿಂದ. ಚೆನ್ನಾಗಿ ಕೆಲಸ ಮಾಡುವವರು ಗ್ರಾಹಕರ ಜೊತೆ ಹೇಗೆ ಮಾತಾಡುತ್ತಾರೆ, ಸಮಸ್ಯೆಯನ್ನು ಹೇಗೆ ಬಿಡಿಸುತ್ತಾರೆ ಅನ್ನುವುದು ಅದರ ಮೂಲಕ ಹೊಸಬರ ಕೈಗೆ ಸಿಕ್ಕಿತು. ಅಂದರೆ ಒಳಗಿನವರ ತಿಳಿವಳಿಕೆ ಎಐಗೆ ಸಿಕ್ಕಿದರೆ ಮಾತ್ರ ಅದು ಹೊಸಬರಿಗೆ ದಾಟುತ್ತದೆ. ಸುಮ್ನೆ ಒಂದು ಚಾಟ್ ವಿಂಡೋ ತೆರೆದುಕೊಟ್ಟರೆ ಆಗಲ್ಲ.

ಮೊದಲು ಪ್ರಶ್ನೆಗಳನ್ನು ಕೂಡಿಹಾಕಿ

ಯಾವ ಟೂಲ್ ತಗೊಳ್ಳಬೇಕು ಅಂತ ಹುಡುಕುವ ಮೊದಲು ಕಳೆದ ಆರು ತಿಂಗಳಲ್ಲಿ ಸೇರಿದವರನ್ನು ಮಾತಾಡಿಸಿ. "ಮೊದಲ ತಿಂಗಳು ಯಾವುದಕ್ಕೆ ಸಿಕ್ಕಿಹಾಕಿಕೊಂಡಿರಿ, ಯಾವುದನ್ನು ಕೇಳಲು ಸಂಕೋಚವಾಯಿತು" ಅಂತ ಕೇಳಿ. ಹತ್ತು ವರ್ಷದಿಂದ ಇರುವವರನ್ನು ಕೇಳಿದರೆ ಪ್ರಯೋಜನವಿಲ್ಲ, ಅವರಿಗೆ ಎಲ್ಲವೂ ಎಷ್ಟು ರೂಢಿಯಾಗಿರುತ್ತದೆಂದರೆ ಯಾವುದು ಕಷ್ಟವಾಗಿತ್ತು ಅನ್ನುವುದೇ ಮರೆತುಹೋಗಿರುತ್ತದೆ. ಜೊತೆಗೆ ಟೀಮಿನ ಚಾಟ್ ಗ್ರೂಪಿನಲ್ಲಿ, ಐಟಿಯವರಿಗೆ ಬಂದ ಟಿಕೆಟ್‌ಗಳಲ್ಲಿ (ಸಹಾಯ ಕೇಳಿದ ದೂರುಗಳಲ್ಲಿ), ಎಚ್‌ಆರ್ ಮೇಲ್‌ಗಳಲ್ಲಿ ಪದೇಪದೇ ಬಂದ ಪ್ರಶ್ನೆಗಳನ್ನು ಒಂದು ಶೀಟಿಗೆ ಹಾಕಿ.

ಆಮೇಲೆ ಅದನ್ನು ಎರಡು ಪಾಲು ಮಾಡಿ. ಎಲ್ಲರಿಗೂ ಒಂದೇ ಉತ್ತರ ಇರುವಂಥದ್ದು ಒಂದು ಕಡೆ: ಲಾಗಿನ್, ಫಾರ್ಮ್, ಖರ್ಚಿನ ಬಿಲ್ ಹಾಕುವುದು, ಯಾವ ಫೋಲ್ಡರ್‌ನಲ್ಲಿ ಏನಿದೆ. ಇದನ್ನು ಎಐಗೆ ಬಿಡಬಹುದು. ಆಯಾ ವ್ಯಕ್ತಿಯನ್ನು ನೋಡಿ ಹೇಳಬೇಕಾದದ್ದು ಇನ್ನೊಂದು ಕಡೆ: ನನ್ನ ಪ್ರೊಬೇಷನ್ ಹೇಗೆ ನಡೆಯುತ್ತಿದೆ, ಈ ಸಹೋದ್ಯೋಗಿ ಜೊತೆ ಹೊಂದಾಣಿಕೆ ಆಗುತ್ತಿಲ್ಲ, ನನಗೆ ಈ ಕೆಲಸ ಕಷ್ಟ ಅನ್ನಿಸುತ್ತಿದೆ. ಇದು ಮನುಷ್ಯರೇ ಕೂತು ಕೇಳಬೇಕಾದ ಮಾತು. ಈ ಎರಡನೇ ಪಾಲಿನ ಒಂದು ಪ್ರಶ್ನೆಯನ್ನೂ ಎಐ ಕಡೆ ತಳ್ಳಬೇಡಿ.

ಫೈಲುಗಳನ್ನು ಸರಿ ಮಾಡುವುದೇ ದೊಡ್ಡ ಕೆಲಸ

ಸಮಯ ಹಿಡಿಯುವುದು ಇದೇ. ಯಾರೂ ಮಾಡಲು ಇಷ್ಟಪಡದ ಕೆಲಸವೂ ಇದೇ. ಹೊಸಬರು ಸೇರುವ ಹಿಂದಿನ ದಿನ ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ, ಇರುವ ಫೈಲುಗಳನ್ನೆಲ್ಲ ಅಪ್‌ಲೋಡ್ ಮಾಡಿದರೆ ಏನಾಗುತ್ತದೆ ನೋಡಿ. ಫೋಲ್ಡರ್‌ನಲ್ಲಿ "ರಜೆ ನಿಯಮ ಫೈನಲ್", "ರಜೆ ನಿಯಮ ಫೈನಲ್ 2", "ರಜೆ ನಿಯಮ ಹೊಸದು" ಅಂತ ಮೂರು ಫೈಲು ಇರುತ್ತವೆ. ನಿಮಗೆ ಯಾವುದು ಈಗಿನದು ಅಂತ ಗೊತ್ತು. ಎಐಗೆ ಗೊತ್ತಿಲ್ಲ. ಅದು ಹಳೆಯದನ್ನು ಓದಿ, ಸ್ವಲ್ಪವೂ ತಡವರಿಸದೆ, ತುಂಬ ಚೆನ್ನಾದ ಭಾಷೆಯಲ್ಲಿ ತಪ್ಪು ಉತ್ತರ ಕೊಡುತ್ತದೆ. ಹೊಸಬರು ಅದನ್ನು ನಂಬಿ ರಜೆ ಹಾಕುತ್ತಾರೆ.

ಹಾಗಾಗಿ ಒಂದು ವಿಷಯಕ್ಕೆ ಒಂದೇ ಫೈಲು ಇರಲಿ. ಮೇಲೆ ತಾರೀಖು ಇರಲಿ, ಅದನ್ನು ಯಾವ ವಿಭಾಗದವರು ನೋಡಿಕೊಳ್ಳುತ್ತಾರೆ ಅಂತ ಇರಲಿ. ಹಳೆಯದನ್ನು ಅಳಿಸಲು ಮನಸ್ಸಿಲ್ಲದಿದ್ದರೆ ಎಐ ನೋಡಲಾಗದ ಬೇರೆ ಫೋಲ್ಡರ್‌ಗೆ ಹಾಕಿ.

ಇಂಥ ಸಹಾಯಕಗಳು ಕೆಲಸ ಮಾಡುವ ರೀತಿ ತಿಳಿದಿದ್ದರೆ ಬರೆಯುವುದು ಸುಲಭ. ಫೈಲುಗಳು ಜಾಸ್ತಿ ಇದ್ದಾಗ ಸಾಮಾನ್ಯವಾಗಿ ಅವನ್ನು ಸಣ್ಣ ಸಣ್ಣ ತುಂಡು ಮಾಡಿ ಇಟ್ಟುಕೊಂಡಿರುತ್ತವೆ, ಪ್ರಶ್ನೆ ಬಂದಾಗ ಅದಕ್ಕೆ ಹೊಂದುವ ಕೆಲವು ತುಂಡುಗಳನ್ನು ಮಾತ್ರ ಹುಡುಕಿ ತೆಗೆದು, ಅಷ್ಟನ್ನೇ ಓದಿ ಉತ್ತರ ಬರೆಯುತ್ತವೆ. ಇಡೀ ಫೈಲನ್ನು ಪ್ರತಿ ಸಲ ಓದುವುದಿಲ್ಲ. ಅದಕ್ಕೇ "ಮೇಲ್ಕಂಡಂತೆ", "ಹಿಂದಿನ ಪುಟದಲ್ಲಿ ತಿಳಿಸಿರುವ" ಅಂತೆಲ್ಲ ಬರೆದರೆ ಆ ಮೇಲ್ಕಂಡದ್ದು ಬೇರೆ ತುಂಡಿನಲ್ಲಿ ಉಳಿದು, ಉತ್ತರ ದಾರಿ ತಪ್ಪುತ್ತದೆ. ಒಂದು ಉದಾಹರಣೆ ನೋಡಿ. ನಿಯಮದ ಫೈಲಿನಲ್ಲಿ ಹೀಗೊಂದು ಸಾಲು ಇದೆ ಅಂದುಕೊಳ್ಳಿ:

"ಸದರಿ ಸೌಲಭ್ಯವು ಮೇಲ್ಕಂಡ ವರ್ಗದ ಸಿಬ್ಬಂದಿಗೆ ಅನ್ವಯಿಸತಕ್ಕದ್ದಲ್ಲ."

ಯಾವ ಸೌಲಭ್ಯ? ಯಾವ ವರ್ಗ? ಈ ಸಾಲು ಒಂಟಿಯಾಗಿ ಸಿಕ್ಕರೆ ಎಐಗೂ ಗೊತ್ತಾಗಲ್ಲ, ಹೊಸಬರಿಗೂ ಗೊತ್ತಾಗಲ್ಲ. ಅದನ್ನು ಹೀಗೆ ಬರೆಯಿರಿ:

"ಪ್ರೊಬೇಷನ್‌ನಲ್ಲಿ ಇರುವವರು ಮನೆಯಿಂದ ಕೆಲಸ ಮಾಡುವಂತಿಲ್ಲ. ಪ್ರೊಬೇಷನ್ ಮುಗಿದವರು ಮ್ಯಾನೇಜರ್ ಒಪ್ಪಿಗೆ ತೆಗೆದುಕೊಂಡು ವಾರಕ್ಕೆ 2 ದಿನ ಮನೆಯಿಂದ ಕೆಲಸ ಮಾಡಬಹುದು."

ಪ್ರತಿ ಪ್ಯಾರಾ ತನ್ನಷ್ಟಕ್ಕೆ ತಾನೇ ಅರ್ಥವಾಗಬೇಕು, ಅಷ್ಟೇ. ಹೀಗೆ ತಿದ್ದುವ ಕೆಲಸಕ್ಕೂ ಎಐ ಸಹಾಯ ತಗೊಳ್ಳಬಹುದು, ಆದರೆ ತಿದ್ದಿದ್ದನ್ನು ಆ ನಿಯಮ ಗೊತ್ತಿರುವವರು ಓದಿಯೇ ಮುಂದಕ್ಕೆ ಬಿಡಬೇಕು. ಸ್ಕ್ಯಾನ್ ಮಾಡಿದ ಹಾಳೆಗಳು, ಫೋಟೋ ರೂಪದಲ್ಲಿರುವ ಟೇಬಲ್‌ಗಳು ಇದ್ದರೆ ಅವನ್ನು ಟೈಪ್ ಮಾಡಿಸಿ. ಚಿತ್ರದಲ್ಲಿರುವ ಅಂಕಿಗಳನ್ನು ಓದುವಾಗ ತಪ್ಪಾಗುವ ಸಾಧ್ಯತೆ ಜಾಸ್ತಿ. ಇನ್ನು ಟೀಮಿನ ಶಾರ್ಟ್‌ಫಾರ್ಮ್‌ಗಳಿಗೆಲ್ಲ ಒಂದು ಪುಟ ಮಾಡಿ, ಎದುರಿಗೆ ಒಂದೊಂದು ಸಾಲಿನ ಅರ್ಥ ಬರೆದಿಡಿ. ಹೊಸಬರು ಜಾಸ್ತಿ ಬಳಸುವುದು ಆ ಪುಟವನ್ನೇ.

ಟೂಲ್ ಯಾವುದು

ಇದಕ್ಕೆ ತುಂಬ ತಲೆ ಕೆಡಿಸಿಕೊಳ್ಳಬೇಡಿ. ಆಫೀಸಿನಲ್ಲಿ ಈಗಾಗಲೇ ಮೈಕ್ರೋಸಾಫ್ಟ್ ಇದ್ದರೆ ಕೋಪೈಲಟ್, ಗೂಗಲ್ ಇದ್ದರೆ ಜೆಮಿನಿ ನೋಡಿ. ಸಣ್ಣ ಟೀಮಿಗೆ ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಚೆನ್ನಾಗಿ ಹೊಂದುತ್ತದೆ: ನೀವು ಹಾಕಿದ ಫೈಲುಗಳನ್ನೇ ಆಧಾರವಾಗಿಟ್ಟುಕೊಂಡು ಉತ್ತರ ಕೊಡುತ್ತದೆ, ಯಾವ ಫೈಲಿನ ಯಾವ ಭಾಗದಿಂದ ತೆಗೆದದ್ದು ಅಂತಲೂ ತೋರಿಸುತ್ತದೆ. ಚಾಟ್‌ಜಿಪಿಟಿಯ ಕಸ್ಟಮ್ ಜಿಪಿಟಿ, ಕ್ಲಾಡ್‌ನ ಪ್ರಾಜೆಕ್ಟ್ಸ್‌ಗೂ ಹೀಗೆ ನಿಮ್ಮ ಫೈಲುಗಳನ್ನು ಹಾಕಬಹುದು. ಯಾವುದೇ ಆದರೂ ಆಫೀಸಿನ ಅಕೌಂಟ್‌ನಲ್ಲೇ ಇರಲಿ, ಯಾರದೋ ಸ್ವಂತ ಉಚಿತ ಅಕೌಂಟ್ ಬೇಡ.

ಆಫೀಸಿನ ಎಲ್ಲ ಫೈಲುಗಳಿಗೂ ಜೋಡಿಸುವ ಟೂಲ್ ಆದರೆ ಒಂದು ಕಡೆ ಹುಷಾರಾಗಿರಿ. ಮೈಕ್ರೋಸಾಫ್ಟ್ 365 ಕೋಪೈಲಟ್ ಒಬ್ಬರಿಗೆ ನೋಡಲು ಅನುಮತಿ ಇರುವ ಫೈಲುಗಳನ್ನು ಮಾತ್ರ ನೋಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಯಾವತ್ತೋ ಯಾರೋ ಸಂಬಳದ ಶೀಟನ್ನು "ಆಫೀಸಿನ ಎಲ್ಲರಿಗೂ" ಅಂತ ಶೇರ್ ಮಾಡಿ ಮರೆತಿದ್ದರೆ, ಇಷ್ಟು ದಿನ ಅದು ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿತ್ತು, ಈಗ ಒಂದು ಪ್ರಶ್ನೆಗೆ ಉತ್ತರವಾಗಿ ಮೇಲೆ ಬರಬಹುದು. ಟೂಲ್ ಆನ್ ಮಾಡುವ ಮೊದಲು ಐಟಿಯವರ ಹತ್ತಿರ ಶೇರಿಂಗ್ ಅನುಮತಿಗಳನ್ನು ಒಂದು ಸಲ ಪೂರ್ತಿ ನೋಡಿಸಿ.

ಎಐಗೆ ಕೊಡುವ ಸೂಚನೆ

ಫೈಲು ಹಾಕಿದರೆ ಸಾಲದು, ಹೇಗೆ ಉತ್ತರಿಸಬೇಕು ಅಂತಲೂ ಹೇಳಬೇಕು. ಹೀಗೆ ಶುರು ಮಾಡಿ, ನಿಮಗೆ ಬೇಕಾದಂತೆ ಬದಲಾಯಿಸಿಕೊಳ್ಳಿ:

"ನೀನು ನಮ್ಮಲ್ಲಿ ಹೊಸದಾಗಿ ಸೇರಿದವರಿಗೆ ನೆರವಾಗುವ ಸಹಾಯಕ. ನಾನು ಕೊಟ್ಟ ಫೈಲುಗಳಲ್ಲಿ ಇರುವುದನ್ನು ಮಾತ್ರ ಹೇಳು. ಉತ್ತರದ ಕೊನೆಗೆ ಫೈಲಿನ ಹೆಸರು ಮತ್ತು ಅದರ ಮೇಲಿನ ತಾರೀಖು ಹಾಕು. ಫೈಲಿನಲ್ಲಿ ಉತ್ತರ ಇಲ್ಲದಿದ್ದರೆ ಊಹಿಸಬೇಡ, 'ಇದು ನನ್ನ ಹತ್ತಿರ ಇಲ್ಲ' ಅಂತ ಹೇಳಿ, ಯಾರನ್ನು ಕೇಳಬೇಕು ಅನ್ನುವುದನ್ನು ಸಂಪರ್ಕ ಪಟ್ಟಿಯಿಂದ ನೋಡಿ ತಿಳಿಸು. ಸಂಬಳದ ತಕರಾರು, ಕಿರುಕುಳ, ಆರೋಗ್ಯ, ಕೆಲಸ ಬಿಡುವ ವಿಷಯ ಬಂದರೆ ಸಲಹೆ ಕೊಡಬೇಡ, ನೇರವಾಗಿ ಎಚ್‌ಆರ್ ಕಡೆ ಕಳಿಸು. ಐದಾರು ಸಾಲಿಗಿಂತ ಉದ್ದ ಬೇಡ. ಯಾವ ಭಾಷೆಯಲ್ಲಿ ಕೇಳುತ್ತಾರೋ ಅದೇ ಭಾಷೆಯಲ್ಲಿ ಹೇಳು, ಆದರೆ ಬಟನ್ ಮತ್ತು ಫಾರ್ಮ್‌ಗಳ ಹೆಸರನ್ನು ಸ್ಕ್ರೀನ್ ಮೇಲೆ ಇರುವ ಹಾಗೇ ಬರೆ."

ಕೊನೆಯ ಸಾಲು ಬಹಳ ಮುಖ್ಯ. ನಿಯಮಗಳು ಇಂಗ್ಲಿಷ್‌ನಲ್ಲಿದ್ದರೂ ತಮ್ಮ ಭಾಷೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಹೊಸಬರಿಗೆ ದೊಡ್ಡ ಅನುಕೂಲ. ಅದರ ಜೊತೆಗೆ ಬಟನ್ ಹೆಸರನ್ನೂ ಅನುವಾದ ಮಾಡಿಬಿಟ್ಟರೆ ಅವರು ಸ್ಕ್ರೀನ್ ಮೇಲೆ ಆ ಹೆಸರನ್ನು ಹುಡುಕುತ್ತ ಕೂರಬೇಕಾಗುತ್ತದೆ.

"ಊಹಿಸಬೇಡ" ಅಂದರೂ ಕೆಲವೊಮ್ಮೆ ಊಹಿಸುತ್ತದೆ. ಅದಕ್ಕೇ ಹೊಸಬರ ಕೈಗೆ ಕೊಡುವ ಮೊದಲು ನೀವೇ ಕಾಡಿಸಿ ನೋಡಿ. ಕೂಡಿಹಾಕಿದ ಪ್ರಶ್ನೆಗಳನ್ನೆಲ್ಲ ಕೇಳಿ. ಅರ್ಧಂಬರ್ಧ ಕೇಳಿ, ಸ್ಪೆಲ್ಲಿಂಗ್ ತಪ್ಪಿಸಿ ಕೇಳಿ, ಅರ್ಧ ಕನ್ನಡ ಅರ್ಧ ಇಂಗ್ಲಿಷ್‌ನಲ್ಲಿ ಕೇಳಿ. ಯಾವ ಫೈಲಿನಲ್ಲೂ ಇಲ್ಲದ್ದನ್ನೂ ಕೇಳಿ: "ನನ್ನ ನಾಯಿಯನ್ನು ಆಫೀಸಿಗೆ ಕರೆತರಬಹುದಾ?" "ನನ್ನ ಹತ್ತಿರ ಇಲ್ಲ" ಅನ್ನುವ ಬದಲು ಒಂದು ನಿಯಮವನ್ನೇ ಸೃಷ್ಟಿಸಿ ಹೇಳಿತು ಅಂದರೆ ಸೂಚನೆಯನ್ನು ಇನ್ನಷ್ಟು ಬಿಗಿ ಮಾಡಿ.

ಚಾಟ್‌ಬಾಟ್ ತಪ್ಪು ಹೇಳಿದರೆ ಹೊಣೆ ಯಾರದು ಅನ್ನುವ ಪ್ರಶ್ನೆ 2024ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯ ಮುಂದೆ ಬಂದಿತ್ತು. ಮನೆಯವರು ತೀರಿಕೊಂಡಾಗ ಸಿಗುವ ಟಿಕೆಟ್ ರಿಯಾಯಿತಿ ಬಗ್ಗೆ ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ತಪ್ಪು ಮಾಹಿತಿ ಕೊಟ್ಟಿತ್ತು. ಅದು ಹೇಳಿದ್ದಕ್ಕೆ ತಾನು ಹೊಣೆಯಲ್ಲ ಅಂತ ಕಂಪನಿ ವಾದಿಸಿತು, ನ್ಯಾಯಮಂಡಳಿ ಒಪ್ಪಲಿಲ್ಲ, ಪರಿಹಾರ ಕೊಡಬೇಕಾಯಿತು. ಅಲ್ಲಿ ಕೇಳಿದ್ದು ಗ್ರಾಹಕರು, ಇಲ್ಲಿ ಕೇಳುವವರು ನಿಮ್ಮದೇ ಉದ್ಯೋಗಿ. ಎಐ ಮಾತು ನಂಬಿ ರಜೆ ಹಾಕಿದ ಹೊಸಬರ ಸಂಬಳ ಕಡಿತವಾದರೆ "ಅದು ಎಐ ಹೇಳಿದ್ದು, ನಾವಲ್ಲ" ಅನ್ನುವುದು ನ್ಯಾಯವಲ್ಲ. ಉತ್ತರ ತಪ್ಪಿದ್ದರೆ ನಷ್ಟ ಹೊಸಬರ ತಲೆಗೆ ಬರುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿ, ಅವರಿಗೂ ಹೇಳಿಬಿಡಿ.

ಮೊದಲ ದಿನ ತೋರಿಸಿಕೊಡಿ

ಲಿಂಕ್ ಕಳಿಸಿ ಬಿಟ್ಟರೆ ಯಾರೂ ಬಳಸಲ್ಲ. ಮೊದಲ ದಿನವೇ ಪಕ್ಕದಲ್ಲಿ ಕೂತು ಒಂದೆರಡು ಪ್ರಶ್ನೆ ಕೇಳಿ ತೋರಿಸಿ. ಉತ್ತರದ ಕೆಳಗಿರುವ ಫೈಲಿನ ಹೆಸರನ್ನು ಒತ್ತಿ, ಮೂಲದಲ್ಲಿ ಏನಿದೆ ಅಂತ ಅವರ ಕೈಯಿಂದಲೇ ತೆಗೆಸಿ ಓದಿಸಿ. ಹಣ, ರಜೆ, ಕೊನೆಯ ತಾರೀಖು, ಈ ಮೂರು ಇರುವ ಯಾವ ಉತ್ತರವನ್ನೂ ಮೂಲ ನೋಡದೆ ನಂಬಬಾರದು ಅಂತ ಅಲ್ಲೇ ಹೇಳಿ. ಆಮೇಲೆ ಬೇಕಂತಲೇ ಅದಕ್ಕೆ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿ ತೋರಿಸಿ. ಅದರ ಮಿತಿ ಎಲ್ಲಿದೆ ಅಂತ ಕಣ್ಣಾರೆ ನೋಡಿದವರು ಅದನ್ನು ಸರಿಯಾಗಿ ಬಳಸುತ್ತಾರೆ.

ಆಫೀಸಿನದ್ದಲ್ಲದ, ಹೊರಗಿನ ಎಐ ಚಾಟ್‌ಗಳಲ್ಲಿ ಏನು ಹಾಕಬಾರದು ಅನ್ನುವುದನ್ನೂ ಅವತ್ತೇ ಹೇಳಿ: ಗ್ರಾಹಕರ ಹೆಸರು, ಫೋನ್ ನಂಬರ್, ಪಾಸ್‌ವರ್ಡ್, ಒಪ್ಪಂದದ ಕಾಗದ, ಕಂಪನಿಯ ಸಾಫ್ಟ್‌ವೇರ್ ಕೋಡ್. 2023ರಲ್ಲಿ ಸ್ಯಾಮ್‌ಸಂಗ್ ಉದ್ಯೋಗಿಗಳು ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ, ಕಂಪನಿ ತನ್ನ ಕಂಪ್ಯೂಟರ್‌ಗಳಲ್ಲಿ ಇಂಥ ಟೂಲ್‌ಗಳನ್ನೇ ನಿಷೇಧಿಸಿತ್ತು. ಅವರು ಕೆಡುಕು ಮಾಡಲು ಹಾಕಿದ್ದಲ್ಲ, ಕೆಲಸ ಬೇಗ ಮುಗಿಸಲು ಹಾಕಿದ್ದು. ಹೊಸಬರಿಂದ ಇದು ಇನ್ನೂ ಸುಲಭವಾಗಿ ಆಗುತ್ತದೆ, ಯಾಕಂದರೆ ಯಾವುದು ಗುಟ್ಟು ಯಾವುದು ಅಲ್ಲ ಅಂತ ಅವರಿಗೆ ಇನ್ನೂ ಗೊತ್ತಿರುವುದಿಲ್ಲ.

ಹೊಸಬರಿಗೆ: ಮಾಡಿಸಿಕೊಳ್ಳಬೇಡಿ, ಕೇಳಿ ಕಲಿಯಿರಿ

ಈಗ ಹೊಸದಾಗಿ ಸೇರಿರುವವರಿಗೇ ನೇರವಾಗಿ ಹೇಳುತ್ತೇನೆ. ಮೊದಲ ಒಂದೆರಡು ತಿಂಗಳು ನಿಮ್ಮ ಕೆಲಸವನ್ನು ಎಐ ಕೈಯಲ್ಲಿ ಮಾಡಿಸಬೇಡಿ. ಇದನ್ನು ನಾನು ತುಂಬ ಗಟ್ಟಿಯಾಗಿ ನಂಬುತ್ತೇನೆ. ಅದು ಬರೆದುಕೊಟ್ಟ ರಿಪೋರ್ಟ್ ಸರಿಯಿದೆಯಾ ಇಲ್ಲವಾ ಅಂತ ಹೇಳಲು ಸರಿಯಾದ ರಿಪೋರ್ಟ್ ಹೇಗಿರುತ್ತದೆ ಅಂತ ಗೊತ್ತಿರಬೇಕು. ಅದು ನಿಮಗೆ ಇನ್ನೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಲಿಕ್ಕೆಂದೇ ಈ ತಿಂಗಳುಗಳಿರುವುದು. ಮೊದಲು ನೀವು ಬರೆಯಿರಿ, ಎಷ್ಟೇ ಒರಟಾಗಿರಲಿ. ಆಮೇಲೆ ಕೇಳಿ: "ಇದರಲ್ಲಿ ಯಾವ ಮಾತು ಅಸ್ಪಷ್ಟವಾಗಿದೆ? ಓದುವವರು ಯಾವ ಪ್ರಶ್ನೆ ಕೇಳಬಹುದು? ನೀನು ತಿದ್ದಿ ಬರೆಯಬೇಡ, ಎಲ್ಲಿ ತೊಂದರೆ ಇದೆ ಅಂತ ಮಾತ್ರ ಹೇಳು."

ಮೀಟಿಂಗ್ ನೋಟ್ಸ್ ಅರ್ಥವಾಗದಿದ್ದರೆ ಆಫೀಸಿನ ಎಐಗೆ ಹಾಕಿ, "ಇದರಲ್ಲಿ ನನ್ನ ಟೀಮ್ ಮಾಡಬೇಕಾದ್ದು ಏನು, ಗೊತ್ತಿರಲೇಬೇಕಾದ ಶಬ್ದಗಳು ಯಾವುವು" ಅಂತ ಕೇಳಿ. ಮ್ಯಾನೇಜರ್ ಜೊತೆ ವಾರದ ಮಾತುಕತೆ ಇದ್ದರೆ ಹಿಂದಿನ ದಿನ ನಿಮ್ಮ ಗೊಂದಲಗಳನ್ನೆಲ್ಲ ಬರೆದುಹಾಕಿ, ಅದರಲ್ಲಿ ಮ್ಯಾನೇಜರ್ ಮಾತ್ರ ಉತ್ತರಿಸಬಲ್ಲ ಮೂರು ಪ್ರಶ್ನೆಗಳನ್ನು ಆರಿಸಿಕೊಡಲು ಎಐಗೆ ಹೇಳಿ. ಸಿಕ್ಕ ಅರ್ಧ ಗಂಟೆ ಲಾಗಿನ್ ವಿಷಯಕ್ಕೆ ಹೋಗುವುದಿಲ್ಲ.

ಗ್ರಾಹಕರ ಜೊತೆ ಮಾತಾಡುವ ಕೆಲಸ ಆದರೆ ಅಭ್ಯಾಸಕ್ಕೆ ಇದು ತುಂಬ ಒಳ್ಳೆಯದು. "ನೀನು ಸಿಟ್ಟಾಗಿರುವ ಗ್ರಾಹಕ. ಎರಡು ಸಲ ದೂರು ಕೊಟ್ಟರೂ ಕೆಲಸ ಆಗಿಲ್ಲ. ನಾನು ಸಮಾಧಾನ ಮಾಡಲು ನೋಡುತ್ತೇನೆ, ಸುಲಭವಾಗಿ ಒಪ್ಪಬೇಡ. ಮುಗಿದ ಮೇಲೆ ನಾನು ಎಲ್ಲಿ ಎಡವಿದೆ ಹೇಳು." ಹೀಗೆ ಹೇಳಿ ಬಾಯಿಬಿಟ್ಟು ಮಾತಾಡಿ ನೋಡಿ, ವಾಯ್ಸ್ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ನಿಜವಾದ ಕರೆ ಬಂದಾಗ ಗಂಟಲು ಕಟ್ಟುವುದು ಕಡಿಮೆಯಾಗುತ್ತದೆ.

ಹೊಸಬರ ಚಾಟ್ ಮೇಲೆ ಕಣ್ಣಿಡಬೇಡಿ

ಮ್ಯಾನೇಜರ್ ಮಾಡಬಹುದಾದ ಅತಿ ಕೆಟ್ಟ ಕೆಲಸ ಅಂದರೆ ಯಾರು ಏನು ಕೇಳಿದರು ಅಂತ ಹೆಸರು ಸಮೇತ ತೆಗೆದು ಓದುವುದು. "ಇದೂ ಗೊತ್ತಿಲ್ವಾ ಇವರಿಗೆ" ಅಂತ ಒಂದು ಸಲ ಮಾತು ಹೊರಬಿದ್ದರೆ ಮುಗಿಯಿತು, ಅವತ್ತಿನಿಂದ ಯಾರೂ ಕೇಳಲ್ಲ. ನೀವು ನೋಡಬೇಕಾದ್ದು ಹೆಸರಿಲ್ಲದ ಒಟ್ಟು ಪಟ್ಟಿ ಮಾತ್ರ: ಯಾವ ವಿಷಯ ಜಾಸ್ತಿ ಬಂತು, ಯಾವುದಕ್ಕೆ ಉತ್ತರ ಸಿಗಲಿಲ್ಲ. ಯಾರು ಏನನ್ನು ನೋಡಬಲ್ಲರು ಅಂತ ಹೊಸಬರಿಗೆ ಮೊದಲ ದಿನವೇ ಇದ್ದದ್ದು ಇದ್ದ ಹಾಗೆ ಹೇಳಿ. ಮುಖ ನೋಡಿ, ದನಿ ಕೇಳಿ ಉದ್ಯೋಗಿಯ ಮನಸ್ಥಿತಿ ಅಳೆಯುತ್ತೇವೆ ಅನ್ನುವ ಟೂಲ್‌ಗಳ ಹತ್ತಿರವೂ ಹೋಗಬೇಡಿ. ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ಕೆಲಸದ ಜಾಗದಲ್ಲಿ ಅಂಥದ್ದನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, 2025ರ ಫೆಬ್ರವರಿಯಿಂದ ನಿಷೇಧಿಸಿದೆ.

ಎಐ ಬಂದ ಮೇಲೂ ಹೊಸಬರಿಗೆ ಒಬ್ಬ ಜೊತೆಗಾರರು ಇರಲೇಬೇಕು, ಮೊದಲ ವಾರ ದಿನಕ್ಕೆ 15 ನಿಮಿಷವಾದರೂ. ಬರೆದಿಡದ ವಿಷಯಗಳು ಎಷ್ಟಿಲ್ಲ? ಯಾರಿಗೆ ಮೇಲ್ ಹಾಕಿದರೆ ಸಾಕು, ಯಾರಿಗೆ ಫೋನ್ ಮಾಡಿದರೇ ಕೆಲಸ ಆಗುವುದು, ಯಾವ ಡೆಡ್‌ಲೈನ್ ನಿಜವಾಗಿ ಡೆಡ್‌ಲೈನ್. ಇದು ಯಾವ ಫೈಲಿನಲ್ಲೂ ಇಲ್ಲ. "ಚೆನ್ನಾಗಿ ಮಾಡಿದ್ದೀರಿ" ಅನ್ನುವ ಮಾತು ಕೂಡ ಕೆಲಸ ಗೊತ್ತಿರುವವರ ಬಾಯಿಂದ ಬಂದರೇ ಹೊಸಬರಿಗೆ ಧೈರ್ಯ.

ಶುರು ಮಾಡಿದ ಮೇಲೆ

ಇದಕ್ಕೆ ಒಬ್ಬರು ಜವಾಬ್ದಾರಿ ಹೊರಬೇಕು. ಎಲ್ಲರದೂ ಅಂದರೆ ಯಾರದೂ ಅಲ್ಲ. ಉತ್ತರ ಸಿಗದ ಪ್ರಶ್ನೆಗಳ ಪಟ್ಟಿಯನ್ನು ಅವರು ವಾರಕ್ಕೊಮ್ಮೆ ನೋಡಿ, ಸಂಬಂಧಪಟ್ಟವರಿಂದ ಉತ್ತರ ಬರೆಸಿ ಫೈಲಿಗೆ ಸೇರಿಸಬೇಕು. ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಮತ್ತೆ ಮತ್ತೆ ಬರುತ್ತಿದ್ದರೆ ಎಐಗಿಂತ ಮೊದಲು ಆ ಕೆಲಸದ ರೀತಿಯನ್ನೇ ನೋಡಿ, ಬಹುಶಃ ಆ ಫಾರ್ಮೇ ಗೊಂದಲದ್ದು. ನಿಯಮ ಬದಲಾದರೆ ಅವತ್ತೇ ಫೈಲು ಬದಲಾಗಬೇಕು, ಬದಲಾದ ವಿಷಯದ ಬಗ್ಗೆ ಎಐಯನ್ನು ಒಂದು ಸಲ ಕೇಳಿ ಹೊಸ ಉತ್ತರವೇ ಬರುತ್ತಿದೆ ಅಂತ ನೋಡಿಕೊಳ್ಳಬೇಕು.

ಮೂರು ತಿಂಗಳಾದ ಮೇಲೆ ಆ ಹೊಸಬರನ್ನೇ ಕೂರಿಸಿಕೊಂಡು, ಎಐ ಎಲ್ಲಿ ದಾರಿ ತಪ್ಪಿಸಿತು, ಯಾವುದು ಎಲ್ಲೂ ಸಿಗಲಿಲ್ಲ ಅಂತ ಕೇಳಿ. ಸಿಗದೇ ಇದ್ದದ್ದರ ಬಗ್ಗೆ ಒಂದು ಪುಟವನ್ನು ಅವರ ಕೈಯಲ್ಲೇ ಬರೆಸಿ, ವಿಷಯ ಗೊತ್ತಿರುವವರು ಒಮ್ಮೆ ಓದಿ ನೋಡಲಿ, ಮುಂದಿನವರು ಸೇರುವ ಮೊದಲು ಅಪ್‌ಲೋಡ್ ಮಾಡಿ.